ಮಲ್ಪೆಯ ಸಣ್ಣ ಹಡಗು, ದೇಶದ ದೊಡ್ಡ ಲೆಕ್ಕ

ಹಡಗು ನಿರ್ಮಾಣದ ಮಾತು ಬಂದರೆ ಪತ್ರಿಕೆಗಳಲ್ಲಿ ಕಾಣುವುದು ವಿಕ್ರಾಂತ್ ಯುದ್ಧನೌಕೆಯ ಚಿತ್ರ. ಆದರೆ ಈ ಉದ್ಯಮದಿಂದ ದೇಶಕ್ಕೆ ದಕ್ಕುವುದೇನು ಎಂದು ಅಳೆಯಲು ಮಲ್ಪೆಯಂಥ ಮೀನುಗಾರಿಕೆ ಬಂದರೇ ಹೆಚ್ಚು ಅನುಕೂಲ. ಉಡುಪಿ ಕರಾವಳಿಗೆ ಕಡಲ ವ್ಯವಹಾರ ಹೊಸತಲ್ಲ. ಬಾರಕೂರಿನ ವ್ಯಾಪಾರಕ್ಕೆ ಹಂಗಾರಕಟ್ಟೆ ಬಾಗಿಲಾಗಿತ್ತು. ಬಸ್ರೂರಿನ ಸಂಪತ್ತು 1665ರಲ್ಲಿ ಶಿವಾಜಿಯ ನೌಕಾಪಡೆಯನ್ನು ಇಲ್ಲಿಯವರೆಗೆ ಎಳೆದು ತಂದಿತ್ತು. ಹಾಗೆಂದು ಇಂದು ಮಲ್ಪೆಯಲ್ಲಿ ಕಟ್ಟುವ ಉಕ್ಕಿನ ಹಡಗಿಗೆ ಆ ಹಾಯಿಹಡಗುಗಳಲ್ಲಿ ವಂಶಾವಳಿ ಹುಡುಕುವುದು ಊರಿನ ಅಭಿಮಾನವಷ್ಟೇ. ಅದರ ನಿಜವಾದ ನಂಟು ಯಾಂತ್ರೀಕೃತ ಮೀನುಗಾರಿಕೆಯೊಡನೆ. 1952ರ ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದಲ್ಲಿ ಶುರುವಾಗಿ ಮುಂದೆ ಕಾರವಾರಕ್ಕೂ ಬಂತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ದಡದಿಂದ ಎಳೆಯುವ ರಂಪಣಿ ಬಲೆಯನ್ನು ಬದಿಗೊತ್ತಿದವು. ರಂಪಣಿ ನಂಬಿದ್ದ ಕುಟುಂಬಗಳಿಗೆ ಅದು ದೊಡ್ಡ ಪೆಟ್ಟು. ಆದರೆ ಎಂಜಿನ್ ಬಿಚ್ಚಿ ಜೋಡಿಸುವ, ವೆಲ್ಡಿಂಗ್ ಮಾಡುವ ಕಸುಬು ಬಂದರಿನ ಸುತ್ತ ಬೇರೂರಿದ್ದೂ ಆ ಬೋಟುಗಳಿಂದಲೇ.

ಚೆನ್ನೈ ಮೂಲದ ಟೆಬ್ಮಾ ಶಿಪ್‌ಯಾರ್ಡ್ಸ್ ಮಲ್ಪೆಯಲ್ಲೂ ಹಂಗಾರಕಟ್ಟೆಯಲ್ಲೂ ಘಟಕ ತೆರೆದಾಗ ಕಡಲಾಚೆಯ ತೈಲ ಉದ್ಯಮಕ್ಕೆ ಒಳ್ಳೆಯ ಕಾಲ. ತೈಲ ಬಾವಿಗಳಿಗೆ ಸಾಮಗ್ರಿ ಒಯ್ಯುವ ಹಡಗು, ಟಗ್, ಡ್ರೆಜ್ಜರ್ ಕಟ್ಟುವುದರಲ್ಲಿ ಅದು ಹೆಸರು ಮಾಡಿತು. 2002ರಿಂದ 2007ರವರೆಗೆ ಕೇಂದ್ರ ಸರ್ಕಾರದ ಶೇ 30ರ ಸಬ್ಸಿಡಿ ಖಾಸಗಿ ಹಡಗುಕಟ್ಟೆಗಳಿಗೂ ದೊರೆತದ್ದು ಇಡೀ ಉದ್ಯಮವನ್ನು ಹುರಿದುಂಬಿಸಿತ್ತು. ಆ ನೆರವು ನಿಂತಿತು, ಜಾಗತಿಕ ಹಿಂಜರಿತ ಬಂತು, ಟೆಬ್ಮಾ ಭಾರತಿ ಶಿಪ್‌ಯಾರ್ಡ್‌ನ ತೆಕ್ಕೆಗೆ ಹೋಯಿತು. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾತೈಲ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿದಾಗ ತೈಲ ಕಂಪನಿಗಳು ಹೊಸ ಹಡಗು ಕೇಳುವುದನ್ನೇ ಬಿಟ್ಟವು. ಭಾರತಿ, ಎಬಿಜಿಯಂಥ ದೊಡ್ಡ ಖಾಸಗಿ ಸಂಸ್ಥೆಗಳು ಸಾಲದಲ್ಲಿ ಮುಳುಗಿದವು. ಟೆಬ್ಮಾ ಕೂಡ ದಿವಾಳಿ ಸಂಹಿತೆಯ ಕಟಕಟೆ ಹತ್ತಿತು. ಇಲ್ಲಿ ಸೋತದ್ದು ಕಸುಬಲ್ಲ. ಒಂದೇ ಬಗೆಯ ಗ್ರಾಹಕರನ್ನೂ ದುಬಾರಿ ಬಡ್ಡಿಯ ಹಣವನ್ನೂ ನೆಚ್ಚಿಕೊಂಡ ವ್ಯವಹಾರ ಸೋತಿತು. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಟೆಬ್ಮಾವನ್ನು ಕೊಂಡು, 2022ರಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟ ಮೇಲಿನ ಬೆಳವಣಿಗೆಯೇ ಅದಕ್ಕೆ ಸಾಕ್ಷಿ. ಓಷನ್ ಸ್ಪಾರ್ಕಲ್ ಸಂಸ್ಥೆಗೆ 62 ಟನ್ ಎಳೆತದ ಟಗ್‌ಗಳು ಇಲ್ಲಿಂದ ಹೋದವು. 2023ರ ಜೂನ್‌ನಲ್ಲಿ ನಾರ್ವೆಯ ವಿಲ್ಸನ್ ಸಂಸ್ಥೆ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗು ಕೇಳಿತು. ಮೊತ್ತ ಸುಮಾರು 580 ಕೋಟಿ ರೂಪಾಯಿ. ಮರುವರ್ಷ 6,300 ಟನ್ನಿನ ಹಡಗುಗಳಿಗೂ ಬೇಡಿಕೆ ಇಟ್ಟಿತು. ಒಮ್ಮೆ ಕೊಂಡವರು ಮರಳಿ ಬರುವುದಕ್ಕಿಂತ ಗಟ್ಟಿಯಾದ ಪ್ರಮಾಣಪತ್ರ ಈ ವ್ಯಾಪಾರದಲ್ಲಿ ಇನ್ನೊಂದಿಲ್ಲ.

ಚೀನಾ, ಕೊರಿಯಾ, ಜಪಾನ್ ಜಗತ್ತಿನ ಹಡಗುಗಳಲ್ಲಿ ಶೇ 90ಕ್ಕೂ ಹೆಚ್ಚು ಕಟ್ಟುತ್ತವೆ, ಭಾರತದ ಪಾಲು ಶೇ 1 ಕೂಡ ಇಲ್ಲ. ಅಲ್ಲಿ ಅಗ್ಗಕ್ಕೆ ಸಿಗುವುದನ್ನು ಇಲ್ಲಿ ತೆರಿಗೆ ಹಣ ಸುರಿದು ಏಕೆ ಕಟ್ಟಬೇಕು ಎಂಬ ಆಕ್ಷೇಪ ಹಳೆಯದು, ತೂಕದ್ದೂ ಹೌದು. ದೈತ್ಯ ಟ್ಯಾಂಕರ್‌ಗಳ ಮಟ್ಟಿಗೆ ನಾನೂ ಅದನ್ನು ಬಹುಪಾಲು ಒಪ್ಪುತ್ತೇನೆ. ಆದರೆ ವಿಲ್ಸನ್‌ನ 3,800 ಟನ್ನಿನ, 89 ಮೀಟರ್ ಉದ್ದದ, ನೀರಿನೊಳಗೆ ನಾಲ್ಕು ಮೀಟರ್ ಚಿಲ್ಲರೆಯಷ್ಟೇ ಇಳಿಯುವ ಹಡಗಿನ ಲೆಕ್ಕ ಬೇರೆ. ದೊಡ್ಡ ಹಡಗುಕಟ್ಟೆಗಳಿಗೆ ಇದು ಬಿಡಿಗಾಸಿನ ಕೆಲಸ. ನಮ್ಮ ಅಳಿವೆಗಳ ಆಳಕ್ಕೂ ಇದೇ ಹೊಂದುತ್ತದೆ. ವಿನ್ಯಾಸ ಡಚ್ ಕಂಪನಿ ಕೊನೊಶಿಪ್‌ನದು, ಬೆಲೆಬಾಳುವ ಯಂತ್ರಗಳಲ್ಲಿ ಹಲವು ಹೊರಗಿನವು, ನಮಗೆ ಉಳಿಯುವುದು ಬರೀ ವೆಲ್ಡಿಂಗ್ ಕೂಲಿ ಎನ್ನುವವರೂ ಇದ್ದಾರೆ. ಒಂದೇ ಹಡಗಾದರೆ ಆ ಮಾತು ಸರಿ. ಒಂದೇ ನಕ್ಷೆಯ ಆರೆಂಟು ಹಡಗು ಸಾಲಾಗಿ ಬಂದಾಗ ಕೇಬಲ್, ಪೈಪ್, ಬಣ್ಣ, ಒಳಾಂಗಣದ ಪೂರೈಕೆದಾರರು ಹತ್ತಿರದಲ್ಲೇ ನೆಲೆಯೂರಲು ಕಾರಣ ಸಿಗುತ್ತದೆ. ಬಂದರು ಟಗ್‌ಗಳಿಗೆ ಕೇಂದ್ರ ಸರ್ಕಾರ ಪ್ರಮಾಣಿತ ವಿನ್ಯಾಸ ಗೊತ್ತುಪಡಿಸಿದ್ದು ಈ ಕಾರಣಕ್ಕೇ ಜಾಣತನದ ಹೆಜ್ಜೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಒಪ್ಪಿದ 69,725 ಕೋಟಿ ರೂಪಾಯಿಯ ಪ್ಯಾಕೇಜ್‌ನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೊತ್ತಕ್ಕಿಂತ ಅವಧಿ: ನಿರ್ಮಾಣ ನೆರವು 2036ರವರೆಗೆ ಮುಂದುವರಿಯಲಿದೆ. 2007ರಲ್ಲಿ ಏಕಾಏಕಿ ನಲ್ಲಿ ಮುಚ್ಚಿದ ಅನುಭವ ಇರುವ ಉದ್ಯಮಕ್ಕೆ ಇದು ಕಡಿಮೆಯ ಮಾತಲ್ಲ.

ಬೇಡಿಕೆಯನ್ನು ನಾರ್ವೆಯಲ್ಲೇ ಹುಡುಕಬೇಕಾಗಿಲ್ಲ. ಕಾಪು ತಾಲೂಕಿನ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲ ಇಡಬಹುದು. ದೇಶದ ಮೂರು ಭೂಗತ ತೈಲ ಸಂಗ್ರಹಗಳಲ್ಲಿ ಇದೇ ದೊಡ್ಡದು. ಹತ್ತಿರದ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ ಸುಡುವುದು ನವಮಂಗಳೂರು ಬಂದರಿಗೆ ಬರುವ ಕಲ್ಲಿದ್ದಲನ್ನು. ಮಂಗಳೂರಿನಾಚೆಯ ಕಡಲಲ್ಲಿ ದೊಡ್ಡ ಟ್ಯಾಂಕರ್‌ಗಳು ತೈಲ ಇಳಿಸಲು ತೇಲುವ ಲಂಗರು ವ್ಯವಸ್ಥೆ ಇದೆ. ಟ್ಯಾಂಕರ್ ವಿದೇಶದ್ದಾಗಿದ್ದರೂ ಅದನ್ನು ಹಿಡಿದು ನಿಲ್ಲಿಸುವ ಟಗ್, ಕೊಳವೆ ಜೋಡಿಸುವ ಸೇವಾ ಬೋಟು, ಹೂಳೆತ್ತುವ ಡ್ರೆಜ್ಜರ್ ಮಲ್ಪೆಯವೇ ಆಗಬಹುದು.

ಮೀನುಗಾರರ ಆಕ್ಷೇಪಕ್ಕೆ ಮಾತ್ರ ಇಷ್ಟು ಸಲೀಸಾದ ಉತ್ತರ ಇಲ್ಲ. ಬೋಟುಗಳು ಒತ್ತೊತ್ತಾಗಿ ನಿಲ್ಲುವ ಮಲ್ಪೆಯಲ್ಲಿ ಹಡಗುಕಟ್ಟೆಗೆ ಹೋಗುವ ಪ್ರತಿ ಮೀಟರ್ ದಕ್ಕೆಯೂ ಅವರ ಲೆಕ್ಕದಲ್ಲಿ ನಷ್ಟವೇ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ, ಹಂಗಾರಕಟ್ಟೆಗೆ ದಾರಿಯಾದ ಕೋಡಿಬೆಂಗ್ರೆಯ ಅಳಿವೆಯ ಹೂಳೆತ್ತಿದರೆ ಮೀನುಗಾರರಿಗೂ ಹಡಗುಕಟ್ಟೆಗೂ ಲಾಭ ಎನ್ನುವುದು ಅರ್ಧ ಉತ್ತರ. ದೊಡ್ಡ ಹಡಗಿನ ಕೆಲಸವನ್ನು ಹಂಗಾರಕಟ್ಟೆ ಕಡೆಗೆ ಹೆಚ್ಚು ಸರಿಸುವುದು ಉಳಿದರ್ಧ ಆಗಬಹುದು. ಕಲಿತವರ ಪ್ರಶ್ನೆಯೂ ಬಾಕಿ ಇದೆ. ಸಾಗರ ರಚನೆಗಳ ಸ್ನಾತಕೋತ್ತರ ಪಾಠ ಸುರತ್ಕಲ್‌ನ ಎನ್‌ಐಟಿಕೆಯಲ್ಲಿದೆ. ಮಣಿಪಾಲದಿಂದಲೂ ಕಾರ್ಕಳದ ನಿಟ್ಟೆಯಿಂದಲೂ ಎಂಜಿನಿಯರುಗಳು ವರ್ಷವರ್ಷ ಹೊರಬರುತ್ತಾರೆ, ಬಹಳ ಮಂದಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ವಿಲ್ಸನ್‌ನ ಮುಂದಿನ ಹಡಗಿನ ನಕ್ಷೆ ಮಣಿಪಾಲದಲ್ಲಿ ತಯಾರಾಗಲು ಒಂದು ಸಣ್ಣ ವಿನ್ಯಾಸ ಕಚೇರಿ ಸಾಕು. ಅದಕ್ಕೆ ಹಣ ಹೂಡಬೇಕಾದದ್ದು ಹಡಗುಕಟ್ಟೆಯೋ ಸರ್ಕಾರವೋ ಎಂಬುದಿನ್ನೂ ಚರ್ಚೆಗೇ ಬಂದಿಲ್ಲ.