ಕೈಯಲ್ಲಿದ್ದೂ ಓದಲಾಗದ ಚೀಟಿ

ಮಾನ್ವಿಯಿಂದ ರಾಯಚೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಆಸ್ಪತ್ರೆಗೆ ಹೊರಟವರನ್ನು ಗುರುತಿಸುವುದು ಕಷ್ಟವಲ್ಲ. ಅವರ ತೊಡೆಯ ಮೇಲೊಂದು ಪ್ಲಾಸ್ಟಿಕ್ ಚೀಲವಿರುತ್ತದೆ. ಅದರೊಳಗೆ ಹೊರರೋಗಿ ಚೀಟಿ, ರಕ್ತ ಪರೀಕ್ಷೆಯ ವರದಿ, ಎಕ್ಸ್‌ರೇ ಲಕೋಟೆ, ಮಡಿಕೆ ಹರಿದ ಡಿಸ್ಚಾರ್ಜ್ ಕಾರ್ಡು. ಕೆಲ ದಿನಗಳ ಹಿಂದೆ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಅಂಥ ಚೀಲದಿಂದ ಒಂದು ಚೀಟಿ ತೆಗೆದು, 'ತಮ್ಮಾ, ಇದರಾಗ ಏನ್ ಬರದಾರ ನೋಡು' ಎಂದು ನನ್ನ ಕೈಗಿತ್ತರು. ನೋಡಿದೆ. ಕೊನೆಯ ಸಾಲಿನಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಸ್ಪಷ್ಟವಾಗಿತ್ತು. ಓದು ಬರಹವನ್ನೇ ನಂಬಿ ಸಂಬಳ ಎಣಿಸುವವನಿಗೆ ನಾಚಿಕೆಯಾಯಿತು.

ತನ್ನ ಬಗ್ಗೆ ವೈದ್ಯರು ಬರೆದಿಟ್ಟದ್ದನ್ನು ರೋಗಿ ಓದಬಹುದೇ ಎಂಬ ಪ್ರಶ್ನೆ ಪಶ್ಚಿಮದ ದೇಶಗಳಲ್ಲಿ ಬೀರುವಿನ ಬೀಗದ ಪ್ರಶ್ನೆಯಾಗಿತ್ತು. ಅಲ್ಲಿ ಕಡತ ಆಸ್ಪತ್ರೆಯಲ್ಲೇ ಉಳಿಯುತ್ತಿತ್ತು. ಬ್ರಿಟನ್ನಿನಲ್ಲಿ ಅದನ್ನು ನೋಡುವ ಹಕ್ಕಿಗಾಗಿ 1990ರಲ್ಲಿ ಪ್ರತ್ಯೇಕ ಕಾಯ್ದೆಯೇ ಬರಬೇಕಾಯಿತು. ಅಮೆರಿಕದಲ್ಲಿ 2010ರಲ್ಲಿ 105 ಮಂದಿ ವೈದ್ಯರು ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೆ ತೆರೆದಿಟ್ಟು ಒಂದು ಪ್ರಯೋಗ ಮಾಡಿದರು. ರೋಗಿಗಳು ಗಾಬರಿಯಾಗುತ್ತಾರೆ, ಪ್ರಶ್ನೆ ಕೇಳಿ ಹೊತ್ತು ತಿನ್ನುತ್ತಾರೆ ಎಂಬ ಅಳುಕು ಅನೇಕರಿಗಿತ್ತು. ವರ್ಷ ಕಳೆದ ಮೇಲೆ ಆ 105 ಜನರಲ್ಲಿ ಒಬ್ಬರೂ ಹಿಂದೆ ಸರಿಯಲಿಲ್ಲ.

ನಮ್ಮ ಕಥೆ ಬೇರೆ. ನಮ್ಮಲ್ಲಿ ಹೊರರೋಗಿಯ ಚೀಟಿ ಎಂದೂ ಬೀರು ಸೇರಿದ್ದಲ್ಲ, ರೋಗಿಯ ಚೀಲದಲ್ಲೇ ಇದ್ದದ್ದು. ಆದರೆ ಅದು ಅವನಿಗೆ ತೆರೆದುಕೊಳ್ಳಲಿಲ್ಲ.

ಇದೇ ಮಾನ್ವಿಯ ರೈತನ ಕೈಗೆ ಅವನ ಹೊಲದ ಪಹಣಿ ಕೊಟ್ಟು ನೋಡಿ. 9ನೇ ಕಲಮಿನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಬ್ಯಾಂಕಿನ ಸಾಲ ಕುಳಿತಿದೆ ಎಂದು ಬೆರಳಿಟ್ಟು ತೋರಿಸುತ್ತಾನೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. ಆಗ ಸರಕಾರದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ ವೈದ್ಯಶಾಸ್ತ್ರದ ಪುಸ್ತಕಗಳೂ ಉರ್ದುವಿಗೆ ಬಂದಿದ್ದವು. ರಾಯಚೂರು ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1963ರಲ್ಲಿ ಕನ್ನಡ ರಾಜಭಾಷೆಯಾಯಿತು, 2000ದ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋಗಿ, 15 ರೂಪಾಯಿಗೆ ಅಚ್ಚುಕಟ್ಟಾದ ಕನ್ನಡದಲ್ಲಿ ಕೈಗೆ ಬಂತು. ಹೊಲದ ಕಾಗದ ಉರ್ದುವಿನಿಂದ ಕನ್ನಡಕ್ಕೆ ಬಂದರೆ ಮೈಯ ಕಾಗದ ಇಂಗ್ಲಿಷಿನಲ್ಲೇ ಉಳಿಯಿತು. ಅದೂ ಪೂರ್ತಿ ಇಂಗ್ಲಿಷಲ್ಲ. ದಿನಕ್ಕೆರಡು ಸಲ ಎನ್ನಲು 'ಬಿಡಿ', ಮೂರು ಸಲ ಎನ್ನಲು 'ಟಿಡಿಎಸ್', ಬೇಕೆನಿಸಿದಾಗ ಮಾತ್ರ ಎನ್ನಲು 'ಎಸ್‌ಒಎಸ್'. ಇವೆಲ್ಲ ಲ್ಯಾಟಿನ್ ಪದಗಳ ತುಣುಕುಗಳು.

ಆ ಚೀಟಿಯ ರಚನೆ ತಿಳಿದರೆ ಅರ್ಧ ಓದಿದಂತೆಯೇ. ಮೊದಲು 'ಸಿ/ಒ', ಅಂದರೆ ರೋಗಿ ತಾನೇ ಹೇಳಿಕೊಂಡ ತೊಂದರೆ. ನಮ್ಮ ಮಾತು ದಾಖಲಾಗುವ ಜಾಗ ಅದೊಂದೇ, ಅದೂ ಬೇರೆ ಭಾಷೆಯಲ್ಲಿ! 'ಕೆ/ಸಿ/ಒ' ಎಂದಿದ್ದರೆ ಆ ಕಾಯಿಲೆ ಮೊದಲೇ ಗೊತ್ತಿರುವಂಥದ್ದು. 'ಎನ್‌ಎಡಿ' ಎಂದರೆ ಅಸಹಜವಾದದ್ದೇನೂ ಕಂಡಿಲ್ಲ. ರೋಗದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯಿದ್ದರೆ ಅದು ಬರೀ ಅನುಮಾನ, ಇನ್ನೂ ಖಚಿತವಾಗಿಲ್ಲ. ಇದು ತಿಳಿಯದೆ, ಕಾಯಿಲೆ ಬಂದೇಬಿಟ್ಟಿತೆಂದು ಮನೆಮಂದಿಯೆಲ್ಲ ಅತ್ತದ್ದುಂಟು. ಇನ್ನೂ ಪರೀಕ್ಷೆ ಬಾಕಿಯಿದೆಯೆಂದು ತಿಳಿಯದೆ ಊರಿಗೆ ಮರಳಿದವರೂ ಉಂಟು.

ಎಲ್ಲಕ್ಕಿಂತ ಕಸಿವಿಸಿ ಮಾಡುವುದು 'ಡಾಮಾ' ಎಂಬ ಪದ. ವೈದ್ಯರ ಸಲಹೆಗೆ ವಿರುದ್ಧವಾಗಿ ಆಸ್ಪತ್ರೆ ಬಿಟ್ಟವರ ಕಡತದ ಮೇಲೆ ಇದನ್ನು ಬರೆದು, ಕೆಳಗೆ ರೋಗಿಯಿಂದಲೋ ಮನೆಯವರಿಂದಲೋ ಸಹಿ ಅಥವಾ ಹೆಬ್ಬೆಟ್ಟು ಪಡೆಯುತ್ತಾರೆ. ಹಟದಿಂದ ಹೋದವನಿಗೂ, ಕೈಯಲ್ಲಿ ದುಡ್ಡು ಮುಗಿದು ಹೋದವನಿಗೂ ಅದೇ ನಾಲ್ಕು ಅಕ್ಷರ. ಮುಂದೆ ನ್ಯಾಯ ಕೇಳಲು ಹೋದಾಗ ಮೊದಲು ಎದುರಿಗೆ ಬರುವುದು ತಾನು ಓದದೆ ಒತ್ತಿದ ಆ ಹೆಬ್ಬೆಟ್ಟು.

ಒಳರೋಗಿಯ ಕಡತವಂತೂ ನಮ್ಮಲ್ಲಿಯೂ ಆಸ್ಪತ್ರೆಯ ಸೊತ್ತಾಗಿಯೇ ಇತ್ತು. 1995ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಹೇಳಿದ ಮೇಲೆ ಕಡತಕ್ಕೆ ಬೆಲೆ ಬಂತು, ಏಕೆಂದರೆ ಸಾಕ್ಷ್ಯವೆಲ್ಲ ಇರುವುದು ಅದರಲ್ಲೇ. 1996ರಲ್ಲಿ ರಹೇಜಾ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು, ರೋಗಿ ಅಥವಾ ಹತ್ತಿರದ ಬಂಧು ಕೇಳಿದರೆ ಕಡತದ ಪ್ರತಿ ಕೊಡಲೇಬೇಕು, ಗೋಪ್ಯತೆಯ ನೆಪ ಸಲ್ಲದು ಎಂದಿತು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಇದಕ್ಕೆ ಗಡುವು ಹಾಕಿದವು: ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಬಂತಾದರೂ ಅದೇ ತಿಂಗಳು ಅದನ್ನು ತಡೆಹಿಡಿದು ಹಳೆಯದಕ್ಕೇ ಮರಳಲಾಯಿತು. ಕೇಳುವವರು ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ತಾರೀಖು ಹಾಕಿ, ಸ್ವೀಕೃತಿ ಪಡೆಯುವುದು ಒಳ್ಳೆಯದು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ 72 ಗಂಟೆಯ ಲೆಕ್ಕ ಹಿಡಿಯುವವರು ಯಾರು?

ಪ್ರತಿ ಸಿಕ್ಕಿತೆನ್ನಿ. ಓದುವುದು ಹೇಗೆ? 2016ರಲ್ಲಿ ಅದೇ ನಿಯಮಗಳಿಗೆ ತಿದ್ದುಪಡಿ ತಂದು, ಔಷಧದ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಹೇಳಲಾಯಿತು. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೆಲವು ವೈದ್ಯರು ಕನ್ನಡದಲ್ಲಿ ಬರೆದು ತೋರಿಸಿಯೂ ಬಿಟ್ಟರು. ಚೀಟಿ ಇನ್ನೊಬ್ಬ ವೈದ್ಯರಿಗೂ ಅರ್ಥವಾಗಬೇಕಲ್ಲ ಎಂಬ ಆಕ್ಷೇಪ ಬಂತು. ಅದರಲ್ಲಿ ಹುರುಳಿಲ್ಲದಿಲ್ಲ. ಮಾತ್ರೆಯ ಹೆಸರು ಇಂಗ್ಲಿಷಿನಲ್ಲೇ ಇರಲಿ. ರೋಗಿಗೆ ಕನ್ನಡದಲ್ಲಿ ಬೇಕಾದದ್ದು ಏನು ಅನುಮಾನವಿದೆ, ಹೇಗೆ ನುಂಗಬೇಕು, ಎಂದು ಮರಳಿ ಬರಬೇಕು ಎಂಬ ಮೂರು ಸಾಲು. ಹೊರರೋಗಿ ವಿಭಾಗದ ಸರದಿ ನೋಡಿದವರಿಗೆ ಆ ಮೂರು ಸಾಲಿಗೂ ವೈದ್ಯರಿಗೆ ಪುರುಸೊತ್ತೆಲ್ಲಿ ಎನಿಸುವುದೂ ನಿಜ.

ಆದರೂ ಅದು ಆಗದ ಮಾತಲ್ಲವೆನ್ನಲು ನಮ್ಮ ಕಣ್ಣೆದುರೇ ತಾಯಿ ಕಾರ್ಡು ಇದೆ. ಇಂಥ ಕಾರ್ಡುಗಳ ಮೂಲ ಹುಡುಕಿದರೆ ಆಫ್ರಿಕದ ನೈಜೀರಿಯಾಕ್ಕೆ ಹೋಗಬೇಕು. 1950ರ ದಶಕದ ಕೊನೆಯಲ್ಲಿ ಅಲ್ಲಿನ ಹಳ್ಳಿಯೊಂದರಲ್ಲಿ ಡೇವಿಡ್ ಮೋರ್ಲಿ ಎಂಬ ಮಕ್ಕಳ ವೈದ್ಯ ಮಗುವಿನ ತೂಕದ ನಕ್ಷೆಯನ್ನು ತಾಯಿಯ ಕೈಗೇ ಕೊಟ್ಟುಬಿಟ್ಟರು. ಮುಂದೆ ಆ ಪದ್ಧತಿ ಹಲವು ದೇಶಗಳಿಗೆ ಹಬ್ಬಿತು. ನಮ್ಮ ತಾಯಿ ಕಾರ್ಡಿನಲ್ಲಿ ರಕ್ತದೊತ್ತಡ, ರಕ್ತದ ಅಂಶ, ಹೆರಿಗೆಯ ಅಂದಾಜು ತಾರೀಖು, ಮಗುವಿನ ಚುಚ್ಚುಮದ್ದು ಎಲ್ಲವೂ ಕನ್ನಡದ ತಲೆಬರಹದಡಿ ಇರುತ್ತವೆ. ತೂಕದ ಗೆರೆ ಹಸಿರು ಪಟ್ಟಿ ಬಿಟ್ಟು ಹಳದಿಗೆ ಇಳಿದರೆ ಅಕ್ಷರ ಬಾರದ ತಾಯಿಗೂ ತಿಳಿಯುತ್ತದೆ.

ಅಂದು ಬಸ್ಸಿಳಿದ ಮೇಲೆ ಅಜ್ಜಿಯನ್ನು ಒಂದು ಮೆಡಿಕಲ್ ಶಾಪಿಗೆ ಕರೆದೊಯ್ದೆ. ವೈದ್ಯರ ಕೈಬರಹಕ್ಕೆ ನಮ್ಮೂರುಗಳಲ್ಲಿ ಅವರೇ ಪಂಡಿತರು. ಅಂಗಡಿಯ ಹುಡುಗ ಮಾತ್ರೆಗಳ ಹೆಸರನ್ನು ಸರಸರ ಓದಿದ. ಕೊನೆಯ ಸಾಲಿಗೆ ಬಂದಾಗ ಒಮ್ಮೆ ನನ್ನ ಮುಖ ನೋಡಿ, 'ಅದೇನೈತಿ ಅಂತ ಡಾಕ್ಟರಿಗೇ ಕೇಳ್ರಿ' ಎಂದು ಚೀಟಿ ಮಡಚಿ ಕೊಟ್ಟ. ಅಜ್ಜಿ ಅದನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಯ ಕಡೆ ಹೊರಟರು.