ದಿಮ್ಮಿಯ ಘನಫಲವೂ ಮಹಾವೀರಾಚಾರ್ಯನ ಖಾತಗಣಿತವೂ

ಇಂದಿನ ದಾವಣಗೆರೆ ಜಿಲ್ಲೆಗೆ ಸೇರಿದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಕಾಡು ಒಂದೇ ಬಗೆಯದಲ್ಲ. 1997ರವರೆಗೆ ಶಿವಮೊಗ್ಗ ಜಿಲ್ಲೆಯೊಳಗಿದ್ದ ಮೊದಲ ಮೂರು ಮಲೆನಾಡಿನ ಅಂಚನ್ನು ಮುಟ್ಟುವುವು. ತೇಗ, ಮತ್ತಿ, ಹೊನ್ನೆಗಳ ದಿಮ್ಮಿಗಳು ಅಲ್ಲಿಗೆ ಹೊಸತಲ್ಲ. ಚಿತ್ರದುರ್ಗದ ಕಡೆಯಿಂದ ಬಂದ ಜಗಳೂರಾದರೋ ಬಯಲುಸೀಮೆ. ಅಲ್ಲಿಯದು ದಿಂಡಿಗ ಮೊದಲಾದ ಮರಗಳ ಕುರುಚಲು ಕಾಡು. ನೀಳವಾಗಿ ಬೆಳೆದ ತೇಗಕ್ಕೆ ಹೊಂದುವ ಅಳತೆಯ ಸೂತ್ರವು ಡೊಂಕು ದಿಂಡಿಗಕ್ಕೆ ಹೊಂದಲಾರದು. ಬುಡದಲ್ಲಿ ದಪ್ಪವೂ ತುದಿಯಲ್ಲಿ ಸಣ್ಣದೂ ಆದ ದಿಮ್ಮಿಯಲ್ಲಿ ಮರವೆಷ್ಟಿದೆಯೆಂಬುದು ಕೊಳ್ಳುವವನಿಗೂ ಮಾರುವವನಿಗೂ ಹಣದ ಪ್ರಶ್ನೆಯೇ ಆಗಿರುವುದು.

ವ್ಯಾಪಾರದಲ್ಲಿ ಬಹುಕಾಲ ರೂಢಿಯಲ್ಲಿದ್ದುದು ಕಾಲುಸುತ್ತಿನ ಕ್ರಮ. ದಿಮ್ಮಿಯ ನಡುವಿನ ಸುತ್ತಳತೆಯ ನಾಲ್ಕನೆಯ ಒಂದು ಪಾಲನ್ನು ವರ್ಗಮಾಡಿ ಉದ್ದದಿಂದ ಗುಣಿಸುವುದೇ ಅದರ ವಿಧಾನ. 1736ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹಾಪಸನು ಪ್ರಕಟಿಸಿದ ಕೋಷ್ಟಕಗಳಿಂದ ಇದು ಅವನ ಹೆಸರಿಗೆ ಅಂಟಿಕೊಂಡಿತು. ಪರಿಧಿಯು ವ್ಯಾಸದ ನಾಲ್ಕರಷ್ಟಿದೆಯೆಂದು ಒಪ್ಪಿದರೆ ಮಾತ್ರ ಈ ಲೆಕ್ಕ ಸರಿಯಾಗುವುದು! ದುಂಡುಮರವನ್ನು ಚೌಕ ತೊಲೆಯಾಗಿ ಕೆತ್ತುವಾಗ ಹೋಗುವ ಚಕ್ಕೆಗಾಗಿ ಬಿಟ್ಟ ರಿಯಾಯಿತಿಯೆಂದು ಇದನ್ನು ಸಮರ್ಥಿಸುವರು. ಕೊಳ್ಳುವಾಗಲೂ ಮಾರುವಾಗಲೂ ಇದೇ ಅಳತೆಯಿದ್ದಲ್ಲಿ ಬೆಲೆಯು ಅದಕ್ಕೆ ತಕ್ಕಂತೆ ಏರುವುದರಿಂದ ಹಾನಿಯಿಲ್ಲ. ಒಂದೆಡೆ ಕಾಲುಸುತ್ತು, ಇನ್ನೊಂದೆಡೆ ನಿಜವಾದ ಘನಫಲವಾದರೆ ಅನ್ಯಾಯವುಂಟು.

19ನೆಯ ಶತಮಾನದ ಜರ್ಮನ್ ಅರಣ್ಯಶಾಸ್ತ್ರಜ್ಞರಲ್ಲಿ ಹೂಬರನು ನಡುವಿನ ಅಡ್ಡಕೊಯ್ತದ ಕ್ಷೇತ್ರಫಲವನ್ನು ಉದ್ದದಿಂದ ಗುಣಿಸಿದನು. ಸ್ಮಾಲಿಯನನು ಎರಡು ತುದಿಗಳ ಕ್ಷೇತ್ರಫಲಗಳ ಸರಾಸರಿಯನ್ನು ಹಿಡಿದನು. ಇವೆರಡರ ನಡುವಣ ಅಂತರವನ್ನು ಕೂಡಿಸುವ ಮೂರನೆಯ ಸೂತ್ರಕ್ಕೆ ನ್ಯೂಟನನ ಹೆಸರಿದೆ.

ಕನ್ನಡಿಗರಿಗೆ ಕುತೂಹಲಕರವಾದ ಸಂಗತಿಯಿರುವುದು ಇಲ್ಲಿಯೇ. ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ 9ನೆಯ ಶತಮಾನದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು, ಮೇಲೆ ಅಗಲವೂ ಕೆಳಗೆ ಕಿರಿದೂ ಆದ ಗುಂಡಿಯ ಘನಫಲಕ್ಕೆ ಮೂರು ಫಲಗಳನ್ನು ಹೇಳಿರುವನು. ಅಳತೆಗಳ ಸರಾಸರಿಯಿಂದ ಬಂದುದು ಕರ್ಮಾಂತಿಕ. ಕ್ಷೇತ್ರಫಲಗಳ ಸರಾಸರಿಯಿಂದ ಬಂದುದು ಔಂಡ್ರ. ಔಂಡ್ರದಿಂದ ಕರ್ಮಾಂತಿಕವನ್ನು ಕಳೆದು, ಉಳಿದುದರ ಮೂರನೆಯ ಒಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲ.

12 ಅಡಿ ಉದ್ದದ ಒಂದು ದಿಮ್ಮಿಯ ಸುತ್ತಳತೆಯು ಬುಡದಲ್ಲಿ 8, ನಡುವೆ 6, ತುದಿಯಲ್ಲಿ 4 ಅಡಿಯೆಂದು ಭಾವಿಸೋಣ. ಹೂಬರನ ಕ್ರಮದಿಂದ 34.38 ಘನ ಅಡಿ, ಸ್ಮಾಲಿಯನನ ಕ್ರಮದಿಂದ 38.20. ಅಂತರವಾದ 3.82ರ ಮೂರನೆಯ ಒಂದು ಪಾಲು 1.27, ಅದನ್ನು ಮೊದಲಿನದಕ್ಕೆ ಕೂಡಿಸಲು 35.65. ಸಮವಾಗಿ ಕಿರಿದಾಗುವ ಈ ದಿಮ್ಮಿಯ ನಿಜವಾದ ಘನಫಲವೂ ಅದೇ. ಕಾಲುಸುತ್ತಿನ ಕ್ರಮ ಕೊಡುವುದು 27 ಮಾತ್ರ! ಬುಡವು ಬೇರುಗಳ ಕಡೆಗೆ ಅಗಲವಾಗಿ ಹರಡಿದ ಮರದಲ್ಲಿ ಸ್ಮಾಲಿಯನನ ಫಲವು ಇನ್ನೂ ಹೆಚ್ಚು ಉಬ್ಬುವುದು. ಆದುದರಿಂದ ಒಂದೇ ಅಳತೆಗೆ ಅವಕಾಶವಿರುವಲ್ಲಿ ನಡುವನ್ನು ಹಿಡಿಯುವುದೇ ಲೇಸು.

ಇಷ್ಟರಿಂದಲೇ ನ್ಯೂಟನನ ಸೂತ್ರವನ್ನು ಕರ್ನಾಟಕದಲ್ಲಿ ಕಂಡುಹಿಡಿದರೆಂದು ಹೆಮ್ಮೆಪಡುವುದು ಯುಕ್ತವಲ್ಲ. ಇದೇ ನಿಯಮವು 628ರಲ್ಲಿ ರಚಿತವಾದ ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಮೊದಲೇ ಇದೆ. ಮತ್ತು ಮಹಾವೀರನು ಅದನ್ನು ಹೇಳಿದ್ದು ಗುಂಡಿಗಳಿಗೆ, ಮರಗಳಿಗಲ್ಲ.

ಮರದ ವಿಷಯವನ್ನು ಅವನು ಕ್ರಕಚಿಕವೆಂಬ ಬೇರೆ ಪ್ರಕರಣದಲ್ಲಿ ಎತ್ತಿರುವನು. ಕ್ರಕಚವೆಂದರೆ ಗರಗಸ. ಅಲ್ಲಿ ಎಣಿಕೆಗೆ ಬರುವುದು ದಿಮ್ಮಿಯ ಘನಫಲವಲ್ಲ, ಗರಗಸವು ಸೀಳಿದ ಮುಖದ ವಿಸ್ತಾರ. ಶಾಕ, ಅರ್ಜುನ ಮೊದಲಾದ ಮರಗಳನ್ನು, ಎಂದರೆ ನಮ್ಮ ತೇಗ, ಹೊಳೆಮತ್ತಿಗಳನ್ನು ಹೆಸರಿಸಿ, ಕುಯ್ತದ ಮಾನವನ್ನು ಅವನು ವಿಧಿಸಿರುವನು. ಮುಂದೆ 1150ರ ಲೀಲಾವತಿಯಲ್ಲಿ ಭಾಸ್ಕರನು, ಕೂಲಿಯು ವಸ್ತುವಿನ ಮೃದುತ್ವ ಕಾಠಿನ್ಯಗಳನ್ನೂ ಅವಲಂಬಿಸುವುದೆಂದನು. ಚನ್ನಗಿರಿಯ ತೇಗವನ್ನು ಸೀಳುವ ಬಡಗಿಗೂ ಜಗಳೂರಿನ ಗಡುಸಾದ ದಿಂಡಿಗವನ್ನು ಸೀಳುವವನಿಗೂ ಈ ಭೇದವು ಕೈಯ ನೋವಿನಿಂದಲೇ ತಿಳಿದಿರುವುದು. ಹೂಬರ ಸ್ಮಾಲಿಯನರ ಸೂತ್ರಗಳಲ್ಲಿ ಅದಕ್ಕೆ ಸ್ಥಾನವಿಲ್ಲ.