ಮೀನು ಕೆರೆಗಳಲ್ಲಿ ಕ್ಷಾರತೆ ಮತ್ತು ಕ್ಯಾಲ್ಸಿಯಂ (ಹಾಸನ ಸೀಮೆ)

ನಿಂತ ನೀರಿನಲ್ಲಿ ಮೀನು ಸಾಕುವವರು ಕಾಯ್ದುಕೊಳ್ಳಬೇಕಾದ ಎರಡು ಮುಖ್ಯ ಗುಣಗಳು ಕ್ಷಾರತೆ ಮತ್ತು ಗಡಸುತನ. ನೀರಿಗೆ ಸೇರುವ ಆಮ್ಲವನ್ನು ಹೀರಿಕೊಂಡು ತಡೆಯುವ ಶಕ್ತಿಗೆ ಕ್ಷಾರತೆ ಎಂದು ಹೆಸರು. ಕೆರೆ ಕಟ್ಟೆಗಳಲ್ಲಿ ಇದು ಬಹುಪಾಲು ಬೈಕಾರ್ಬನೇಟಿನ ರೂಪದಲ್ಲಿರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಒಟ್ಟು ಅಳತೆ ಗಡಸುತನ. ಎರಡನ್ನೂ ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟ್ ಎಂಬ ಒಂದೇ ಲೆಕ್ಕದಲ್ಲಿ ಹೇಳುವುದರಿಂದ ಇವು ಒಂದೇ ಎಂದು ತಿಳಿದವರು ಬಹಳ. ಸುಣ್ಣ ಎರಡನ್ನೂ ಏರಿಸುತ್ತದೆ. ಜಿಪ್ಸಂ ಗಡಸುತನವನ್ನಷ್ಟೇ ಏರಿಸುತ್ತದೆ. ಅಡುಗೆ ಸೋಡ ಕ್ಷಾರತೆಯನ್ನಷ್ಟೇ. ರಸಸಾರ (ಪಿಎಚ್) ಇವೆರಡರಿಂದಲೂ ಬೇರೆ. ಅದು ಬೆಳಗಿನಿಂದ ಸಂಜೆಯೊಳಗೆ ಏರಿಳಿಯುವ ಅಂಕಿ, ಆ ಏರಿಳಿತ ಎಷ್ಟಿರಬೇಕೆಂದು ತೀರ್ಮಾನಿಸುವುದು ಕ್ಷಾರತೆ. ಸಾಕಣೆದಾರರು ರಸಸಾರದ ಕಾಗದವನ್ನು ನೀರಿಗೆ ಅದ್ದಿ ನೋಡಿ ಸಮಾಧಾನಪಟ್ಟುಕೊಳ್ಳುವುದು ವಾಡಿಕೆಯಾಗಿದೆ. ಕ್ಷಾರತೆ ತಿಳಿಯದೆ ಆ ಅಂಕಿಗೆ ಹೆಚ್ಚಿನ ಅರ್ಥವಿಲ್ಲ.

ಹಾಸನ ಜಿಲ್ಲೆ ಮಲೆನಾಡಿನಿಂದ ಬಯಲುಸೀಮೆಗೆ ಇಳಿಯುವ ನೆಲ. ಸಕಲೇಶಪುರದ ಕಡೆ 2000 ಮಿ.ಮೀ. ದಾಟುವ ಮಳೆ ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಜಡಿಮಳೆ ಸುರಿಯುವ ಕಡೆ ಮಣ್ಣಿನ ಸುಣ್ಣದಂಶ ಶತಮಾನಗಳಿಂದ ತೊಳೆದುಹೋಗಿ ಮಣ್ಣು ಹುಳಿಯಾಗಿದೆ, ಹರಿದುಬರುವ ನೀರು ಮೃದುವಾಗಿದೆ. ಮೂಡಿಗೆರೆ ತಾಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿ ಇಂಥ ನೀರನ್ನೇ ಹೊತ್ತು ತರುತ್ತದೆ. ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಅಲ್ಲಿ ನೈಸ್ ಕಲ್ಲಿನ ಸೀಳುಗಳಲ್ಲಿ ಬಹುಕಾಲ ನಿಂತ ಅಂತರ್ಜಲ ಕಲ್ಲನ್ನು ನಿಧಾನವಾಗಿ ಕರಗಿಸಿ ಕ್ಯಾಲ್ಸಿಯಂ, ಬೈಕಾರ್ಬನೇಟ್‌ಗಳನ್ನು ತುಂಬಿಕೊಳ್ಳುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಇದೇ ಸುಣ್ಣ. ಹೊಳೆನರಸೀಪುರದ ಸುತ್ತಲಿನ ಶಿಸ್ಟ್ ಶಿಲೆಗಳ ಪಟ್ಟಿ 300 ಕೋಟಿ ವರ್ಷಗಳಿಗೂ ಹಳೆಯದು. ಅದರಲ್ಲಿ ಮೆಗ್ನೀಸಿಯಂ ತುಂಬಿದ ಕಲ್ಲುಗಳು ಸೇರಿರುವುದರಿಂದ ಆ ಕಡೆಯ ಬಾವಿ ನೀರಿನ ಗಡಸುತನದಲ್ಲಿ ಕ್ಯಾಲ್ಸಿಯಂ ಪಾಲನ್ನು ಬೇರೆಯಾಗಿ ಅಳೆಸುವುದು ಒಳ್ಳೆಯದು.

ಹೇಮಾವತಿಗೆ ಕಟ್ಟಿದ ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಈ ಹಂಚಿಕೆ ಕಲಸಿಹೋಯಿತು. ಬಲದಂಡೆ ನಾಲೆ ಅರಕಲಗೂಡು, ಹೊಳೆನರಸೀಪುರ ತಾಲೂಕುಗಳಿಗೆ ನೀರು ಒಯ್ಯುತ್ತದೆ. ಎಡದಂಡೆ ನಾಲೆ ಚನ್ನರಾಯಪಟ್ಟಣ ತಾಲೂಕನ್ನು ಹಾಯ್ದು ಬಾಗೂರು–ನವಿಲೆ ಸುರಂಗದ ಮೂಲಕ ತುಮಕೂರು ಸೀಮೆಗೆ ಹೋಗುತ್ತದೆ. ಹೀಗಾಗಿ ಬಯಲಿನ ಕೆರೆಗೆ ಮಲೆನಾಡಿನ ಮೃದು ನೀರು ಬಂದು ಬೀಳುತ್ತದೆ. ನಾಲೆ ನೀರಿನಿಂದ ತುಂಬಿದ ವರ್ಷ ಒಂದು ಗುಣ, ಬರಗಾಲದಲ್ಲಿ ಬಿಸಿಲಿಗೆ ಆರಿ ಗಟ್ಟಿಯಾಗಿ ಉಳಿದ ನೀರಿಗೆ ಇನ್ನೊಂದು ಗುಣ. ಪಕ್ಕದ ಊರಿನವರು ಹಾಕಿದಷ್ಟೇ ಚೀಲ ಸುಣ್ಣ ನಾವೂ ಹಾಕುತ್ತೇವೆ ಎನ್ನುವ ರೂಢಿ ಈ ಸೀಮೆಗೆ ಹೊಂದುವುದಿಲ್ಲ.

ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಬಿಟ್ಟ ಕೆರೆಯಲ್ಲಿ ಸಗಣಿ ಗೊಬ್ಬರ ಬಿದ್ದ ಮೇಲೆ ನೀರು ಹಸಿರಾಗುತ್ತದೆ. ಹಗಲು ಆ ಹಸಿರು ಜೀವಿಗಳು ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಾಗ ರಸಸಾರ ಏರುತ್ತದೆ. ರಾತ್ರಿ ಮೀನು, ಪಾಚಿ, ಕೆಸರು ಎಲ್ಲವೂ ಅದನ್ನೇ ಉಸಿರಾಗಿ ಬಿಡುವುದರಿಂದ ಇಳಿಯುತ್ತದೆ. ಕ್ಷಾರತೆ ಲೀಟರಿಗೆ 20 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ ಬೆಳಗಿನ ಜಾವ 6.5ರ ಆಸುಪಾಸಿನಲ್ಲಿದ್ದ ರಸಸಾರ ಮಧ್ಯಾಹ್ನ ಮೂರರ ಹೊತ್ತಿಗೆ 9.5 ದಾಟಬಹುದು. 50ರಿಂದ 150ರವರೆಗೆ ಇದ್ದಲ್ಲಿ ಈ ಓಲಾಟ ಬಹಳ ಮಟ್ಟಿಗೆ ತಗ್ಗುತ್ತದೆ. ಅಪಾಯ ಬರುವುದು ಅಮೋನಿಯದಿಂದ. 25 ಡಿಗ್ರಿ ಶಾಖದಲ್ಲಿ ರಸಸಾರ 7 ಇದ್ದಾಗ ನೀರಿನ ಒಟ್ಟು ಅಮೋನಿಯದಲ್ಲಿ ನೂರಕ್ಕೆ ಅರ್ಧ ಪಾಲಷ್ಟೇ ವಿಷದ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಸುಮಾರು 5 ಪಾಲು, 9ಕ್ಕೆ ಏರಿದರೆ 36 ಪಾಲು. ಬೆಳಿಗ್ಗೆ ಮೀನಿಗೆ ಏನೂ ಮಾಡದಿದ್ದ ನೀರು ಮಧ್ಯಾಹ್ನ ಕಿವಿರು ಸುಡುವುದು ಹೀಗೆ.

ರಾಮನಾಥಪುರದಲ್ಲಿ ಕಾವೇರಿಯ ಘಟ್ಟದ ಬಳಿ ಯಾರೂ ಹಿಡಿಯದೆ ಕಾಪಾಡಿಕೊಂಡು ಬಂದಿರುವ ದೇವರ ಮೀನುಗಳು ಗುಂಪುಗಟ್ಟಿದರೂ ಈ ತೊಂದರೆಗೆ ಸಿಕ್ಕುವುದಿಲ್ಲ. ಹರಿಯುವ ಹೊಳೆ ಕೊಳೆಯನ್ನು ಒಯ್ದು ಹೊಸ ನೀರು ತರುತ್ತಿರುತ್ತದೆ. ನಿಂತ ನೀರಿನಲ್ಲಿ ಆ ಕೆಲಸವನ್ನು ಸುಣ್ಣ ಒಂದು ಪಾಲಷ್ಟೇ ಮಾಡಬಲ್ಲದು.

ಸುಣ್ಣದಲ್ಲಿ ಮೂರು ಬಗೆ ಬಳಕೆಯಲ್ಲಿವೆ. ಸುಣ್ಣಕಲ್ಲಿನ ಪುಡಿಯಾದ ಕೃಷಿ ಸುಣ್ಣದ ಶಕ್ತಿಯನ್ನು 100 ಎಂದಿಟ್ಟುಕೊಂಡರೆ ಅರಳಿಸಿದ ಸುಣ್ಣದ್ದು ಸುಮಾರು 135, ಸುಟ್ಟ ಸುಣ್ಣದ್ದು 179. ಒಂದು ಎಕರೆ ಕೆರೆಯಲ್ಲಿ ಸರಾಸರಿ ಒಂದೂವರೆ ಮೀಟರ್ ನೀರಿದ್ದರೆ ಅದು ಸುಮಾರು 60 ಲಕ್ಷ ಲೀಟರ್. ಕ್ಷಾರತೆಯನ್ನು 15ರಿಂದ 40ಕ್ಕೆ ತರಲು ಪೂರ್ತಿ ಕರಗುವ ಕೃಷಿ ಸುಣ್ಣ 150 ಕಿಲೋ ಬೇಕು. ಅರಳಿಸಿದ ಸುಣ್ಣವಾದರೆ 110 ಕಿಲೋ, ಸುಟ್ಟದ್ದಾದರೆ 85 ಕಿಲೋ. ಇದು ನೀರಿನ ಲೆಕ್ಕ ಮಾತ್ರ. ತಳದ ಹುಳಿ ಕೆಸರು ತನ್ನ ಪಾಲನ್ನು ಮೊದಲು ಕಿತ್ತುಕೊಳ್ಳುತ್ತದೆ, ಹಳೆಯ ಕೆರೆಗಳಲ್ಲಿ ಆ ಪಾಲು ನೀರಿನ ಪಾಲನ್ನೂ ಮೀರುವುದುಂಟು. ಬೇಸಿಗೆಯಲ್ಲಿ ಗೋಡು ಎತ್ತಿ ಹೊಲಕ್ಕೆ ಹೊಡೆಯುವ ಹಳೆಯ ಪದ್ಧತಿ ಹೊಲಕ್ಕೆ ಎಷ್ಟು ಒಳ್ಳೆಯದೋ ಕೆರೆಗೂ ಅಷ್ಟೇ ಒಳ್ಳೆಯದು. ಆಮೇಲೆ ಒಣ ತಳಕ್ಕೆ ಸುಣ್ಣ ಎರಚಿ ನೀರು ಬಿಟ್ಟರೆ ಅದರ ಫಲ ಹೆಚ್ಚು ಕಾಲ ನಿಲ್ಲುತ್ತದೆ. ಕೃಷಿ ಸುಣ್ಣಕ್ಕೆ ಒಂದು ದೊಡ್ಡ ಅನುಕೂಲವಿದೆ. ಕ್ಷಾರತೆ ಸುಮಾರು 60ಕ್ಕೆ ಬಂದ ಮೇಲೆ ಅದು ಹೆಚ್ಚುಕಡಿಮೆ ಕರಗುವುದೇ ನಿಲ್ಲುತ್ತದೆ, ಆದ್ದರಿಂದ ಅತಿಯಾದರೂ ಕೆಡುಕಿಲ್ಲ. ಸುಟ್ಟ ಸುಣ್ಣ ಹಾಗಲ್ಲ. ಮೀನಿರುವ ನೀರಿಗೆ ಅದನ್ನು ಮಧ್ಯಾಹ್ನ, ರಸಸಾರ ತಾನಾಗಿಯೇ ಮೇಲೇರಿರುವಾಗ ಸುರಿದರೆ ಮರಿಗಳು ಸಾಯುತ್ತವೆ. ಖಾಲಿ ಕೆರೆಯ ತಳಕ್ಕೆ, ರೋಗಾಣು ಮತ್ತು ಕಳೆಮೀನುಗಳ ನಾಶಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಬೇಕು.

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ಕಂಡು ಗಾಬರಿಯಿಂದ ಸುಣ್ಣ ಎರಚುವವರಿದ್ದಾರೆ. ಅದು ಆಮ್ಲಜನಕದ ಕೊರತೆ. ಆಗ ಬೇಕಾದದ್ದು ನೀರು ಚಿಮ್ಮಿಸುವ ಪಂಪು. ಸುಣ್ಣ ಮತ್ತು ಸೂಪರ್ ಫಾಸ್ಫೇಟನ್ನು ಒಟ್ಟಿಗೆ ಹಾಕುವುದೂ ನಷ್ಟವೇ. ಕ್ಯಾಲ್ಸಿಯಂ ರಂಜಕವನ್ನು ಕಟ್ಟಿ ತಳಕ್ಕಿಳಿಸುತ್ತದೆ, ಗೊಬ್ಬರದ ಹಣ ಕೆಸರು ಸೇರುತ್ತದೆ. ನಡುವೆ ಒಂದೆರಡು ವಾರ ಬಿಡಬೇಕು.

ಕ್ಯಾಲ್ಸಿಯಂ ವಿಚಾರ ಮರಿ ಸಾಕುವ ಹೊಂಡಗಳಲ್ಲಿ ಮುಖ್ಯವಾಗುತ್ತದೆ. ಮೀನು ತನಗೆ ಬೇಕಾದ ಕ್ಯಾಲ್ಸಿಯಂನ ದೊಡ್ಡ ಪಾಲನ್ನು ಕಿವಿರಿನ ಮೂಲಕ ನೀರಿನಿಂದಲೇ ಹೀರುತ್ತದೆ. ತೀರ ಮೃದು ನೀರಿನಲ್ಲಿ ಮೊಟ್ಟೆ ಸರಿಯಾಗಿ ಉಬ್ಬಿ ಗಟ್ಟಿಯಾಗುವುದಿಲ್ಲ, ಎಳೆಮರಿಗಳು ದೇಹದ ಲವಣ ಕಳೆದುಕೊಳ್ಳುತ್ತವೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಬಯಲುಸೀಮೆಯಲ್ಲಿ ಹೆಚ್ಚಿದ ಕೃಷಿ ಹೊಂಡಗಳಲ್ಲಿ ಇದನ್ನು ಮರೆಯುವಂತಿಲ್ಲ. ಹೊಂಡಕ್ಕೆ ಪಾಲಿಥೀನ್ ಹೊದಿಕೆ ಹಾಸಿದಾಗ ನೀರಿಗೆ ಮಣ್ಣಿನ ಸಂಪರ್ಕ ತಪ್ಪುತ್ತದೆ. ಬರಿ ಮಳೆನೀರು ತುಂಬಿದ ಹೊಂಡದಲ್ಲಿ ಕ್ಷಾರತೆಯೂ ಇಲ್ಲ, ಕ್ಯಾಲ್ಸಿಯಂ ಕೂಡ ಇಲ್ಲ. ಅದಕ್ಕೆ ಒಂದು ಪಾಲು ಬೋರ್‌ವೆಲ್ ನೀರು ಬೆರೆಸುವುದು ಸುಣ್ಣಕ್ಕಿಂತ ಸುಲಭದ ಉಪಾಯ. ಬೋರ್‌ವೆಲ್ ನೀರನ್ನು ಎತ್ತಿ ಗಾಳಿಗೆ ಒಡ್ಡಿ ಬಿಡಬೇಕು, ಏಕೆಂದರೆ ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು.

ಇದೇ ಎರಡು ಅಳತೆಗಳು ಮನೆಯ ಹವಳದ ತೊಟ್ಟಿಯಲ್ಲಿ ಇನ್ನೂ ಕಟ್ಟುನಿಟ್ಟಾಗುತ್ತವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 410 ಮಿ.ಗ್ರಾಂ. ಕ್ಯಾಲ್ಸಿಯಂ, 115ರಿಂದ 125 ಮಿ.ಗ್ರಾಂ.ನಷ್ಟು ಕ್ಷಾರತೆ ಇರುತ್ತದೆ. ಕಲ್ಲುಹವಳ ಗೂಡು ಕಟ್ಟುತ್ತ 20 ಮಿ.ಗ್ರಾಂ. ಕ್ಯಾಲ್ಸಿಯಂ ತೆಗೆದಾಗ ಕ್ಷಾರತೆಯಲ್ಲಿ 50 ಮಿ.ಗ್ರಾಂ. ಕಡಿಮೆಯಾಗುತ್ತದೆ. ಕ್ಯಾಲ್ಸಿಯಂನ ದಾಸ್ತಾನು ದೊಡ್ಡದು, ಕ್ಷಾರತೆಯದು ಚಿಕ್ಕದು. ಆದ್ದರಿಂದ ಮೊದಲು ಕುಸಿಯುವುದು ಕ್ಷಾರತೆ. ತೊಟ್ಟಿಯಿಂದ ಆವಿಯಾದಷ್ಟು ನೀರಿನ ಬದಲಿಗೆ ರಾತ್ರಿ ಹನಿಹನಿಯಾಗಿ ಸುಣ್ಣದ ತಿಳಿ ಬಿಡುವ ಕ್ರಮ ಹೊರದೇಶಗಳಲ್ಲಿ ಬಹುಕಾಲದಿಂದಿದೆ. ಲೀಟರಿಗೆ ಒಂದೂವರೆ ಗ್ರಾಂಗಿಂತ ತುಸು ಹೆಚ್ಚು ಅರಳಿದ ಸುಣ್ಣ ಕರಗಿರುವ ಆ ತಿಳಿ ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಹಿಂದಿರುಗಿಸುತ್ತದೆ. ಭಾರತದಲ್ಲಿ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳವನ್ನು ಕಿತ್ತು ತರುವುದು ಅಪರಾಧ.

ಕೆರೆಯ ಕ್ಷಾರತೆ ಅಳೆಯುವ ಕೆಲಸ ಕಷ್ಟದ್ದಲ್ಲ. ದಡದಿಂದ ದೂರ, ಮೊಣಕೈ ಆಳದಿಂದ ತೆಗೆದ 100 ಮಿ.ಲೀ. ನೀರಿಗೆ ಎರಡು ಹನಿ ಮೀಥೈಲ್ ಆರೆಂಜ್ ಹಾಕಿದರೆ ಹಳದಿಯಾಗುತ್ತದೆ. 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲವನ್ನು ಅಲುಗಿಸುತ್ತ ಹನಿಯಾಗಿ ಬಿಡಬೇಕು. ಹಳದಿ ಹೋಗಿ ಕಿತ್ತಳೆ ಬಣ್ಣ ಬಂದು ನಿಂತಾಗ ಎಷ್ಟು ಮಿ.ಲೀ. ಖರ್ಚಾಯಿತೋ ಅದನ್ನು ಹತ್ತರಿಂದ ಗುಣಿಸಿದರೆ ಕ್ಷಾರತೆ ಸಿಗುತ್ತದೆ. ಮರಿ ಬಿಡುವ ಮುಂಚೆ ಒಮ್ಮೆ, ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೆರೆ ಏರಿದ ಮೇಲೆ ಒಮ್ಮೆ, ನಾಲೆ ನೀರು ಬಂದಾಗ ಮತ್ತೊಮ್ಮೆ ನೋಡಬೇಕು; ಮಳೆ ನಿಂತ ಮೇಲೆ ತಿಂಗಳಿಗೊಂದು ಸಲ ಸಾಕು.